ಮೂವತ್ತೊಂದನೇ ನಂಬರಿನ ಅಂಪೈರ್

ಅನ್ಯಾಯ ಎಲ್ಲಿ ಕಂಡರೂ ಅದನ್ನು ಹೆಸರಿಟ್ಟು ಕರೆಯಬೇಕೆಂಬುದು ಕಾಲೇಜು ದಿನಗಳ ನಮ್ಮ ಅಧ್ಯಯನ ಬಳಗ ನನಗೆ ಕಲಿಸಿದ ಮೊದಲನೆಯ ಪಾಠ. ಹೆಸರಿಟ್ಟು ಕರೆದ ಮೇಲೆ ಏನು ಮಾಡಬೇಕೆಂಬುದು ಎರಡನೆಯ ಪಾಠವಾಗಿತ್ತಂತೆ. ಆ ದಿನ ನಾನು ರಜೆ ಹಾಕಿದ್ದೆ.

ಕುವೈತಿಗೆ ಬಂದು ಹದಿನೆಂಟು ವರ್ಷಗಳಾದರೂ ಮೊದಲ ಪಾಠವನ್ನು ನಾನು ಮರೆತಿಲ್ಲ. ಶುಐಬಾದ ಕಾರ್ಖಾನೆಯೊಂದರ ಸುರಕ್ಷತಾ ವಿಭಾಗದಲ್ಲಿ ನನಗೆ ಉದ್ಯೋಗ. ಹೆಲ್ಮೆಟ್ಟಿಲ್ಲದ ತಲೆ, ಬೇಲಿಯಿಲ್ಲದ ಗುಂಡಿ, ನೀರಿಲ್ಲದ ಕುಡಿಯುವ ನೀರಿನ ಡ್ರಮ್ಮು, ಇವುಗಳನ್ನು ಗುರುತಿಸಿ ಬರೆಯುವುದಕ್ಕೆ ನನಗೆ ಸಂಬಳ ಸಿಗುತ್ತದೆ. ಸಂಜೆ ಮಂಗಾಫಿನ ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಸಂಬಳವಿಲ್ಲದೆ ಮುಂದುವರಿಸುತ್ತೇನೆ. ನಮ್ಮ ಕಟ್ಟಡದ ಕನ್ನಡಿಗರ ಬಳಗಕ್ಕೆ ನಾನೇ ಕಾರ್ಯದರ್ಶಿ. ಪ್ರತಿಸ್ಪರ್ಧಿಗಳಿಲ್ಲದ ಚುನಾವಣೆಯಲ್ಲಿ ಐದು ಸಲ ಆಯ್ಕೆಯಾಗಿದ್ದೇನೆ!

ಇಂಥ ನಾನು ಒಂದು ಚೂಯಿಂಗ್ ಗಮ್ಮಿನ ಚೀಟಿಯ ಮುಂದೆ ಸೋತ ಕಥೆಯನ್ನು ದಾಖಲಿಸುವುದು ಸಾರ್ವಜನಿಕ ಹಿತದೃಷ್ಟಿಯಿಂದ ಅಗತ್ಯವೆಂದು ಭಾವಿಸುತ್ತೇನೆ.

ನಮ್ಮ ಮೇಲಿನ ಮಹಡಿಯಲ್ಲಿ ಫೆಲಿಕ್ಸ್ ಇದ್ದರು. ಊರು ಪಕ್ಷಿಕೆರೆ. ಇಪ್ಪತ್ತಾರು ವರ್ಷ ಒಂದೇ ಹೋಟೆಲಿನ ಉಗ್ರಾಣ ನೋಡಿಕೊಂಡವರು. ಆ ಹೋಟೆಲು ಮುಚ್ಚಿತು. ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ರದ್ದಾಗುವುದಕ್ಕೆ ಎರಡು ತಿಂಗಳಿತ್ತು. ಒಂದು ಸಂಜೆ ಅವರ ಮನೆಗೆ ಹೋದಾಗ, ಅವರು ರಟ್ಟಿನ ಪೆಟ್ಟಿಗೆಗಳ ನಡುವೆ ಕುಳಿತು ಉದ್ದನೆಯ ಪುಸ್ತಕವೊಂದನ್ನು ತಿರುವುತ್ತಿದ್ದರು. ಪ್ರತಿ ಹಾಳೆಯಲ್ಲೂ ಬ್ಲೇಡಿನಿಂದ ಸೀಳು ಮಾಡಿ, ನಾಲ್ಕು ಮೂಲೆಗಳನ್ನು ಸಿಕ್ಕಿಸಿ ಕೂರಿಸಿದ ಕ್ರಿಕೆಟ್ ಆಟಗಾರರ ಕಾರ್ಡುಗಳು. ನಮ್ಮ ಬಾಲ್ಯದಲ್ಲಿ ಗಮ್ಮಿನ ಜೊತೆ ಬರುತ್ತಿದ್ದವು. ಕೆಲವು ವರ್ಷ ಬಂದು ನಿಂತುಹೋದವು. ಒಟ್ಟು ನಲವತ್ತೆಂಟರ ಸೆಟ್ಟು. ಫೆಲಿಕ್ಸರಲ್ಲಿ ನಲವತ್ತೇಳಿದ್ದವು.

“ಮೂವತ್ತೊಂದು ಇಲ್ಲ ನೋಡಿ,” ಎಂದು ಖಾಲಿ ಜಾಗದ ಮೇಲೆ ಬೆರಳಿಟ್ಟರು. “ಅಂಪೈರ್.”

“ಅಂಪೈರನ ಕಾರ್ಡೂ ಇತ್ತಾ?”

“ಇತ್ತು ಮಾರಾಯ್ರೆ. ಆದರೆ ಅಂಪೈರ್ ಯಾರಿಗೆ ಬೇಕು? ಬಂದದ್ದನ್ನೆಲ್ಲ ಮಕ್ಕಳು ಸೈಕಲಿನ ಕಡ್ಡಿಗೆ ಸಿಕ್ಕಿಸಿ ಟರ್ರ್ ಅಂತ ಶಬ್ದ ಮಾಡಿ ಹರಿದು ಹಾಕಿದರು. ನಾನೂ ಎರಡು ಹರಿದಿದ್ದೇನೆ. ಈಗ ಬುದ್ಧಿ ಬಂತು.”

ನಾನು ಆಲ್ಬಮ್ಮನ್ನು ಹೊಗಳುತ್ತಿದ್ದೆ. ಅವರು ಕೇಳಿಸಿಕೊಳ್ಳುತ್ತಿರಲಿಲ್ಲ.

“ಊರಿಗೆ ಹೋಗಿ ಎಂತ ಮಾಡುವುದು ಹೇಳಿ? ಹೆಂಡತಿ ಜೂಲಿಗೆ ಅವಳದ್ದೇ ಟೈಂಟೇಬಲ್ ಉಂಟು, ಟೈಲರಿಂಗ್ ಕ್ಲಾಸ್, ಸಂಘ, ಚರ್ಚು. ಅದರಲ್ಲಿ ನಾನು ವರ್ಷಕ್ಕೆ ಮೂವತ್ತು ದಿವಸದ ಐಟಂ. ಬೀದಿಯಲ್ಲಿ ಸಿಕ್ಕಿದವರೆಲ್ಲ ಒಂದೇ ಪ್ರಶ್ನೆ ಕೇಳುವುದು, ಯಾವಾಗ ವಾಪಸ್ ಅಂತ. ಈ ಸಲ ಅದಕ್ಕೆ ಉತ್ತರವೇ ಇಲ್ಲ.”

ಆ ಮಾತು ನನ್ನನ್ನು ತಟ್ಟಿತು. ತಟ್ಟಿದ ಮೇಲೆ ಸುಮ್ಮನೆ ಅವರ ಪಕ್ಕ ಕುಳಿತು ಇನ್ನೊಂದು ಲೋಟ ಚಹಾ ಕುಡಿಯುವುದು ಸಾಮಾನ್ಯ ಮನುಷ್ಯನ ಕ್ರಮ. ನಾನು ಕಾರ್ಯಕ್ರಮ ರೂಪಿಸಿದೆ.

ಆ ಶುಕ್ರವಾರ ಕಟ್ಟಡದವರೆಲ್ಲ ಸೇರಿ ಊಟ ಮಾಡುವಾಗ ಎದ್ದುನಿಂತು ಘೋಷಿಸಿದೆ. ಫೆಲಿಕ್ಸರ ಬೀಳ್ಕೊಡುಗೆಯ ದಿನ ಅವರ ಸೆಟ್ಟು ಪೂರ್ಣಗೊಂಡಿರುತ್ತದೆ. ಆದರೆ ಬಾಲ್ಯವನ್ನು ಸರಕಾಗಿಸಿ ಮಾರುವ ದಲ್ಲಾಳಿಗಳಿಂದ ಕೊಳ್ಳಲಾಗುವುದಿಲ್ಲ; ಒಟ್ಟು ವೆಚ್ಚ ಐದು ದಿನಾರಿಗೆ ಮೀರುವುದಿಲ್ಲ; ಯಾರ ಶ್ರಮವನ್ನೂ ಬಿಟ್ಟಿಯಾಗಿ ಬಳಸಿಕೊಳ್ಳಲಾಗುವುದಿಲ್ಲ. ಇಡೀ ವ್ಯವಸ್ಥೆಯಿಂದ ಕಡೆಗಣಿಸಲ್ಪಟ್ಟ ಅಂಪೈರನಿಗೆ ಇದು ನ್ಯಾಯ ಒದಗಿಸುವ ಕ್ಷಣವೆಂದೂ ಹೇಳಿದೆ. ಈ ಹವ್ಯಾಸದಿಂದ ಹೆಣ್ಣುಮಕ್ಕಳನ್ನು ಸಂಪೂರ್ಣವಾಗಿ ಹೊರಗಿಟ್ಟ ಪಿತೃಪ್ರಧಾನ ಧೋರಣೆಯನ್ನು ಇದೇ ಸಂದರ್ಭದಲ್ಲಿ ಖಂಡಿಸಿದೆ. ಸಾರು ತಣ್ಣಗಾಗುತ್ತಿತ್ತು.

ನನ್ನ ಪತ್ನಿ ಶಶಿಕಲಾ ಜಾಬ್ರಿಯಾದ ಚಿಕಿತ್ಸಾಲಯವೊಂದರಲ್ಲಿ ನರ್ಸು. ಅಳತೆ ಮೀರಿದ ಯಾವುದನ್ನೂ ಸಹಿಸುವವಳಲ್ಲ. “ಇವ್ರೆ, ಇನ್ನೊಂದು ನಿಯಮ ಸೇರಿಸಿ,” ಎಂದಳು. “ಕಾರ್ಡು ಸಿಗುವವರೆಗೆ ಭಾಷಣ ಇಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಭಾಷಣಕ್ಕೆ ಸಿಗದ ಚಪ್ಪಾಳೆ!

ಹುಡುಕಾಟ ಆರಂಭವಾಯಿತು. ಹಳೆಯ ಕಾರ್ಡುಗಳನ್ನು ಜಾಲತಾಣದಲ್ಲಿ ಮಾರುವವನೊಬ್ಬನ ಬಳಿ ಮೂವತ್ತೊಂದು ಇತ್ತು. ಅವನು ಹೇಳಿದ ಬೆಲೆಯಲ್ಲಿ ನಿಜವಾದ ಅಂಪೈರನೊಬ್ಬನನ್ನೇ ಒಂದು ಪಂದ್ಯಕ್ಕೆ ಕರೆಸಬಹುದಿತ್ತು. ನೆನಪುಗಳ ಸರಕೀಕರಣ ಹೇಗೆ ಸಮುದಾಯದ ಬೇರನ್ನು ಸಡಿಲಿಸುತ್ತದೆಂದು ಅವನಿಗೆ ಮೂರು ಪುಟದ ಪತ್ರ ಬರೆದೆ. ಅವನು ಹೆಬ್ಬೆರಳಿನ ಚಿತ್ರ ಕಳುಹಿಸಿದ. ಅನಂತರ ನನ್ನನ್ನು ಬ್ಲಾಕ್ ಮಾಡಿದ.

ಮುಂದಿನ ವಾರ ಶುಕ್ರವಾರದ ಸಂತೆಗೆ ಹೋದೆ. ಹಳೆಯ ಸೋಫಾದಿಂದ ಹಿಡಿದು ಬದುಕಿರುವ ಕೋಳಿಯವರೆಗೆ ಸಿಗುವ ಜಾಗ ಅದು. ಅಲ್ಲಿ ಒಬ್ಬ ವೃದ್ಧ ವ್ಯಾಪಾರಿ, “ಭಾಯಿ, ಸ್ಪೋರ್ಟ್ಸ್ ಕಾರ್ಡ್! ಪುರಾನಾ! ಫುಲ್ ಬಾಕ್ಸ್!” ಎಂದು ಕೂಗುತ್ತಿದ್ದ. ಡಬ್ಬಿ ತೆರೆದೆ. ಮೇಲಿನ ಕಾರ್ಡಿನಲ್ಲಿ ಟೊಪ್ಪಿ ಹಾಕಿದ ಆಟಗಾರನೊಬ್ಬ ಬ್ಯಾಟು ಹಿಡಿದು ನಿಂತಿದ್ದ. ಬ್ಯಾಟನ್ನು ಹೆಗಲ ಮೇಲೆ ಎತ್ತಿ ಹಿಡಿದ ಭಂಗಿ ತುಸು ಹೊಸದೆನಿಸಿತು; ವೆಸ್ಟ್ ಇಂಡೀಸಿನವನಿರಬೇಕೆಂದುಕೊಂಡೆ. ಉಳಿದವನ್ನು ತೆಗೆದು ನೋಡಬಹುದಿತ್ತು. ಆದರೆ ಬಿಸಿಲಿನಲ್ಲಿ ದುಡಿಯುವ ಮನುಷ್ಯನನ್ನು ಎದುರಿಗೇ ಅನುಮಾನಿಸುವುದು ಮಧ್ಯಮವರ್ಗದ ಹಳೆಯ ರೋಗ. ಅವನ ಘನತೆಯನ್ನು ಗೌರವಿಸಿ, ಚೌಕಾಶಿ ಮಾಡದೆ, ಮೂರು ದಿನಾರು ಕೊಟ್ಟು ಡಬ್ಬಿಯನ್ನು ಎದೆಗವಚಿಕೊಂಡು ಬಂದೆ.

ಮಗಳು ಇರಾ ಏಳನೆಯ ತರಗತಿ. ಕನ್ನಡ ಎಲ್ಲವೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಡಬ್ಬಿಯಲ್ಲಿ ಕೈಯಾಡಿಸಿ ಹೇಳಿದಳು:

“ಅಪ್ಪಾ, ದಿಸ್ ಈಸ್ ಬೇಸ್‌ಬಾಲ್.”

“ಎಲ್ಲವೂ?”

“ಆಲ್ ಆಫ್ ಇಟ್.”

ನಾನೂರು ಮಂದಿ ಅಮೆರಿಕನ್ನರು! ಐದು ದಿನಾರಿನಲ್ಲಿ ಮೂರು ಖಲಾಸ್. ಇಲ್ಲಿಂದ ಮನೆಗೆ ಮರಳಿದ ಯಾವನೋ ಗುತ್ತಿಗೆ ನೌಕರ ಬಿಟ್ಟುಹೋದ ಸಂಗ್ರಹವಿರಬೇಕು. ಅದೂ ಅಪೂರ್ಣವಾಗಿತ್ತು. ಅಷ್ಟೂ ಕಾರ್ಡುಗಳನ್ನು ಮಗುಚಿ ನೋಡಿದೆ. ಒಬ್ಬ ಅಂಪೈರನೂ ಇರಲಿಲ್ಲ. ಅನ್ಯಾಯ ಜಾಗತಿಕವಾಗಿತ್ತು.

ಆರು ವಾರಗಳಲ್ಲಿ ನಾನು ಬರೆದ ಮಿಂಚಂಚೆಗಳು ನಲವತ್ತು. ಏಳನೆಯ ವಾರ ಶಶಿಕಲಾ ಕಿನ್ನಿಗೋಳಿಯಲ್ಲಿರುವ ತನ್ನ ತಾಯಿಗೆ ಫೋನು ಮಾಡಿ, ಬಸಳೆಯ ಬೆಲೆ, ಅತ್ತಿಗೆಯ ಸೊಂಟನೋವು ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದು ಮಾತು ಕೇಳಿದಳು. ಫೋನಿಟ್ಟು ನನ್ನ ಕಡೆ ತಿರುಗಿದಳು.

“ಸೆವ್ರಿನ್ ಟೀಚರಲ್ಲಿ ಉಂಟಂತೆ.”

ಸೆವ್ರಿನ್ ಟೀಚರ್ ಎಂದರೆ ಶಶಿಕಲಾ ಓದಿದ ಶಾಲೆಯಲ್ಲಿ ಮೂವತ್ತು ವರ್ಷ ಹಿಂದಿ ಕಲಿಸಿ ನಿವೃತ್ತರಾದವರು. ತರಗತಿಯಲ್ಲಿ ಕಾರ್ಡು ಹಿಡಿದು ಸಿಕ್ಕಿಬಿದ್ದವರಿಂದ ಅದನ್ನು ಕಿತ್ತುಕೊಂಡು, ಹಿಂದುಗಡೆ ಕೆಂಪು ಶಾಯಿಯಲ್ಲಿ ತರಗತಿ ಮತ್ತು ಹೆಸರು ಬರೆದು, ಬಿಸ್ಕೆಟಿನ ಡಬ್ಬಿಯೊಂದಕ್ಕೆ ಹಾಕುತ್ತಿದ್ದರಂತೆ. ವರ್ಷದ ಕೊನೆಗೆ ಕೊಡುತ್ತೇನೆ ಅನ್ನುತ್ತಿದ್ದರಂತೆ. ವರ್ಷದ ಕೊನೆಗೆ ಹೋಗಿ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಡಬ್ಬಿ ಹಾಗೆಯೇ ಅವರ ಕಪಾಟಿನಲ್ಲಿ ಉಳಿದಿತ್ತು.

ವಿಡಿಯೊ ಕರೆ ಮಾಡಿದೆವು. ಟೀಚರು ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕುಳಿತಿದ್ದರು. ಮೂವತ್ತೊಂದನ್ನು ಎತ್ತಿ ತೋರಿಸಿದರು. ಬಿಳಿ ಕೋಟು, ಎತ್ತಿದ ಒಂದು ಬೆರಳು. ಅಂಪೈರ್!

“ತಕೊಂಡು ಹೋಗಿ ಮಾರಾಯ್ರೆ. ನನಗೆ ಎಂತಕ್ಕೆ ಇದು? ಯಾರ ಕೈಯಲ್ಲಾದರೂ ಕೊಟ್ಟು ಕಳಿಸ್ತೇನೆ,” ಎಂದರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಧನ್ಯವಾದ ಎಂಬ ಒಂದೇ ಪದ ಸಾಕಿತ್ತು. ಆದರೆ ಆ ಡಬ್ಬಿಯನ್ನು ನೋಡುತ್ತಿದ್ದಂತೆ ನನ್ನೊಳಗಿನ ಅಧ್ಯಯನ ಬಳಗ ಎಚ್ಚರಗೊಂಡಿತು.

“ಟೀಚರ್, ತಾವು ತಪ್ಪು ತಿಳಿಯಬಾರದು,” ಎಂದು ಆರಂಭಿಸಿದೆ. ಶಶಿಕಲಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಸತ್ಯ ಹೇಳುವವನಿಗೆ ಕಾಲಿನ ನೋವು ಅಡ್ಡಿಯಾಗಬಾರದು. ಮಗುವಿನ ಸ್ವತ್ತು ಮಗುವಿನದೇ ಎಂದೆ. ಶಿಸ್ತಿನ ಹೆಸರಿನಲ್ಲಿ ಅದನ್ನು ಮುಟ್ಟುಗೋಲು ಹಾಕಿಕೊಳ್ಳುವುದು ಅಧಿಕಾರದ ದುರ್ಬಳಕೆ ಎಂದೆ. ಈ ಡಬ್ಬಿ ವಸ್ತುತಃ ಬಾಲ್ಯಗಳ ಸೆರೆಮನೆ ಎಂದೆ. ಕೊನೆಯ ವಾಕ್ಯ ನನಗೇ ಬಹಳ ಹಿಡಿಸಿತು.

ಟೀಚರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಹೌದು, ನೀವು ಹೇಳಿದ್ದು ಸರಿ,” ಎಂದರು. “ಇದು ನನ್ನದಲ್ಲ. ನನ್ನದಲ್ಲದ್ದನ್ನು ನಿಮಗೆ ಹೇಗೆ ಕೊಡಲಿ? ಯಾರ ಕೈಯಿಂದ ಕಿತ್ತುಕೊಂಡೆನೋ ಅವನು ಕೇಳಲಿ.” ಕಾರ್ಡನ್ನು ತಿರುಗಿಸಿ ಓದಿದರು. “ಏಳನೇ ಬಿ, ಇಬ್ರಾಹಿಂ. ಅವನು ಗಲ್ಫಿಗೆ ಹೋದ ಅಂತ ಕೇಳಿದ್ದು. ಹುಡುಕಿ ಆಯ್ತಾ?”

ಡಬ್ಬಿಯ ಮುಚ್ಚಳ ಬಿತ್ತು. ಕರೆ ಮುಗಿಯಿತು.

ಕೊಲ್ಲಿಯ ಅಷ್ಟೂ ದೇಶಗಳಲ್ಲಿ ಇಬ್ರಾಹಿಂ ಎಂಬ ಒಬ್ಬ ಮನುಷ್ಯನನ್ನು ಹುಡುಕುವುದಾದರೂ ಹೇಗೆ! ಗಣಕದಲ್ಲಿ ಹೊಸ ಕಡತ ತೆರೆದು ‘ಇಬ್ರಾಹಿಂ ಶೋಧ ಸಮಿತಿ’ ಎಂದು ಬರೆಯುತ್ತಿದ್ದೆ. ಶಶಿಕಲಾ ಬಟ್ಟೆ ಮಡಚುತ್ತಲೇ ಹೇಳಿದಳು:

“ಎಗೈಲಾದ ಮಾಲಿನಲ್ಲಿ ನಮಗೆ ಅಂಜಲ್ ಮೀನು ಕತ್ತರಿಸಿ ಕೊಡುವವರು ಇಬ್ರಾಹಿಂ. ಕಿನ್ನಿಗೋಳಿಯವರೇ.”

“ನಿನಗೆ ಹೇಗೆ ಗೊತ್ತು?”

“ಕೇಳಿದ್ದು.”

ನನಗೆ ತುಸು ಇರಿಸುಮುರಿಸಾಯಿತು. ಏಕೆಂದರೆ ಆ ಅಂಗಡಿಯ ಕೆಲಸಗಾರರ ಪರವಾಗಿ ಅದರ ಆಡಳಿತಕ್ಕೆ ಕಳೆದ ವರ್ಷ ದೀರ್ಘ ಪತ್ರ ಬರೆದವನು ನಾನೇ. ಹನ್ನೆರಡು ಗಂಟೆ ನಿಂತೇ ದುಡಿಯುವ ಅವರಿಗೆ ಕುರ್ಚಿ ಕೊಡಬೇಕೆಂದು ಒತ್ತಾಯಿಸಿದ್ದೆ. ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ.

ಮರುದಿನ ಮೀನಿನ ಕಟ್ಟೆಯ ಮುಂದೆ ನಿಂತೆವು. ಇಬ್ರಾಹಿಂ ದಪ್ಪ ಮೀಸೆಯ, ಗಮ್‌ಬೂಟಿನ ಮನುಷ್ಯ. ಅವರ ಹಿಂದೆ ಹೊಚ್ಚಹೊಸ ಕುರ್ಚಿಯೊಂದಿತ್ತು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಆ ಪತ್ರ ನನ್ನದೆಂದು ತಿಳಿಸಿದೆ.

“ಓ, ಅದು ನೀವಾ ಅಣ್ಣ?” ಎಂದು ಚೂರಿ ಕೆಳಗಿಟ್ಟರು. “ಕುರ್ಚಿ ಬಂತು. ಭಾರಿ ಒಳ್ಳೆ ಕುರ್ಚಿ. ಆಮೇಲೆ ಮುದೀರ್, ನಮ್ಮ ಮ್ಯಾನೇಜರ್, ಬಂದು ಹೇಳಿದ, ಈಗ ಕೂತುಕೊಂಡೇ ಇದ್ದೀರಲ್ಲ, ಇನ್ನು ಟೀ ಬ್ರೇಕ್ ಎಂತಕ್ಕೆ ಅಂತ. ಬ್ರೇಕ್ ಖಲಾಸ್. ಮೀನು ಕೂತು ಕತ್ತರಿಸಲಿಕ್ಕೆ ಆಗುವುದಿಲ್ಲ ಅಣ್ಣ. ಹಾಗಾಗಿ ಕುರ್ಚಿಯೂ ಇಲ್ಲ, ಟೀಯೂ ಇಲ್ಲ.”

ಪಕ್ಕದಲ್ಲಿ ಸಿಗಡಿ ಸುಲಿಯುತ್ತಿದ್ದ ಇಬ್ಬರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಪತ್ರ ಬರೆದವನು ಹೇಗಿರುತ್ತಾನೆಂಬ ಕುತೂಹಲ ಅವರಿಗೆ ಬಹುಕಾಲದಿಂದ ಇದ್ದಂತಿತ್ತು.

ಶಶಿಕಲಾಳೇ ಮುಂದೆ ಬಂದು ಕಾರ್ಡಿನ ವಿಷಯ ಹೇಳಿದಳು. ಇಬ್ರಾಹಿಮರ ಮುಖ ಹನ್ನೆರಡು ವರ್ಷದ್ದಾಯಿತು. “ಸೆವ್ರಿನ್ ಟೀಚರಾ? ಇನ್ನೂ ಇಟ್ಟುಕೊಂಡಿದ್ದಾರಾ? ನಾನದನ್ನು ಸೈಕಲಿಗೆ ಅಂತ ತಂದದ್ದು!” ಎಂದು ನಕ್ಕರು. ಶಶಿಕಲಾ ಅಲ್ಲಿಯೇ ಫೋನು ಹಚ್ಚಿ ಕೊಟ್ಟಳು. ಅತ್ತ ಕಡೆಯಿಂದ “ಹಲೋ” ಎಂಬ ಧ್ವನಿ ಬಂದದ್ದೇ ತಡ, ಆ ಮನುಷ್ಯ ಏಪ್ರನ್ನಿಗೆ ಕೈ ಒರೆಸಿ, ಟೊಪ್ಪಿ ತೆಗೆದು, ಕಾಲು ಜೋಡಿಸಿ ನೆಟ್ಟಗೆ ನಿಂತರು.

“ಟೀಚರ್, ನಾನು ಇಬ್ರಾಹಿಂ. ಸೆವೆಂತ್ ಬಿ… ಹೌದು ಟೀಚರ್… ಇಲ್ಲ ಟೀಚರ್, ಈಗ ಗಲಾಟೆ ಮಾಡುವುದಿಲ್ಲ… ಆ ಕಾರ್ಡು ಇವರಿಗೆ ಕೊಡಿ ಟೀಚರ್. ನಾನೇ ಕೇಳುವುದು ಟೀಚರ್.”

ಫೋನು ಹಿಂತಿರುಗಿಸುವಾಗ ಅವರ ಕಣ್ಣು ಒದ್ದೆಯಾಗಿತ್ತು. “ನನ್ನ ನೆನಪುಂಟು ಅವರಿಗೆ,” ಎಂದರು. “ಹಿಂದಿಯಲ್ಲಿ ಎಷ್ಟು ಮಾರ್ಕು ಅಂತಲೂ ನೆನಪುಂಟು.”

ಇನ್ನು ಉಳಿದದ್ದು ಕಾರ್ಡನ್ನು ಕಿನ್ನಿಗೋಳಿಯಿಂದ ಕುವೈತಿಗೆ ತರಿಸುವುದು. ಬೀಳ್ಕೊಡುಗೆಗೆ ಒಂಬತ್ತು ದಿನಗಳಿದ್ದವು. ಕೊರಿಯರಿನವನು ಹೇಳಿದ ದರ ನನ್ನ ಉಳಿದ ಎರಡು ದಿನಾರಿಗೆ ಸುತರಾಂ ಒಗ್ಗಲಿಲ್ಲ. ಇಂಥ ಕಡೆ ನಮ್ಮವರೆಲ್ಲ ಮಾಡುವುದೊಂದೇ: ಬರುವವರ ಕೈಯಲ್ಲಿ ತರಿಸುವುದು. ಚಿಕಿತ್ಸಾಲಯದಲ್ಲಿ ಶಶಿಕಲಾಳ ಜೊತೆ ಕೆಲಸ ಮಾಡುವ ರೀಟಾ ರಜೆ ಮುಗಿಸಿ ಮುಂದಿನ ಬುಧವಾರ ಬರುವವರಿದ್ದರು. ಅವರ ಮನೆಯೂ ಟೀಚರ ಮನೆಯ ಹತ್ತಿರವೇ.

ಒಂದೇ ಒಂದು ತೊಡಕಿತ್ತು. ‘ಪ್ರಯಾಣಿಕರ ಘನತೆಯನ್ನು ಕುರಿತು’ ಎಂಬ ಶೀರ್ಷಿಕೆಯಲ್ಲಿ ನಮ್ಮ ಬಳಗಕ್ಕೆ ಸುತ್ತೋಲೆ ಹೊರಡಿಸಿದ್ದವನು ನಾನು. ಊರಿಗೆ ಹೋಗಿಬರುವವರನ್ನು ಸಂಬಳವಿಲ್ಲದ ಕೂಲಿಗಳಂತೆ ಬಳಸುವುದನ್ನು ಅದರಲ್ಲಿ ಕಟುವಾಗಿ ಖಂಡಿಸಿದ್ದೆ. ಮುಚ್ಚಿದ ಪೊಟ್ಟಣದ ದೆಸೆಯಿಂದ ವಿಮಾನ ನಿಲ್ದಾಣದಲ್ಲಿ ಪೇಚಿಗೆ ಸಿಲುಕಿದವರೊಬ್ಬರ ಅನುಭವದಿಂದ ಹುಟ್ಟಿದ ಸುತ್ತೋಲೆ ಅದು. ಉದ್ದೇಶ ಒಳ್ಳೆಯದೇ. ತಿಂಡಿ ತಿನಿಸಿಗೆ ಮಾತ್ರ ವಿನಾಯಿತಿ ಕೊಟ್ಟಿದ್ದೆ, ಏಕೆಂದರೆ ನನಗೂ ಮನೆಯಿದೆ.

“ಟೀಚರು ಸ್ವಲ್ಪ ಹಲ್ವ ಕಳಿಸುತ್ತಾರೆ ಅಂತ ಮಾತ್ರ ರೀಟಾಗೆ ಹೇಳು,” ಎಂದೆ ಶಶಿಕಲಾಳಿಗೆ.

“ಅಂದರೆ ಸುಳ್ಳು ಹೇಳಬೇಕು.”

“ಸುಳ್ಳಲ್ಲ. ಅಪೂರ್ಣ ಸತ್ಯ.”

“ನಿಮ್ಮ ಸೆಟ್ಟಿನ ಹಾಗೆ,” ಎಂದಳು.

ಬುಧವಾರ ವಿಮಾನ ಇಳಿದ ರೀಟಾ ನೇರವಾಗಿ ನಮ್ಮ ಮನೆಗೇ ಬಂದರು. ಒಂದು ಪೊಟ್ಟಣ ಕೊಟ್ಟರು. ಬಿಡಿಸಿದೆ. ಬಾಳೆಹಣ್ಣಿನ ಹಲ್ವ. ಹಲ್ವದ ಕೆಳಗೆ ಹಲ್ವ. ಅದರ ಕೆಳಗೆ ಬಾಳೆಲೆ. ಬಾಳೆಲೆಯ ಕೆಳಗೆ ಏನೂ ಇಲ್ಲ!

“ರೀಟಾ, ಇದರ ಜೊತೆ ಒಂದು ಲಕೋಟೆ…”

“ಇತ್ತು ಪ್ರಭಾಕರಣ್ಣ,” ಎಂದು ಆಕೆ ಉತ್ಸಾಹದಿಂದ ಹೇಳಿದರು. “ಹಲ್ವದ ಅಡಿಯಲ್ಲಿ ಇಟ್ಟಿದ್ದರು. ಅಂಟು ಹಾಕಿ ಮುಚ್ಚಿದ್ದು. ಏರ್‌ಪೋರ್ಟಿನಲ್ಲಿ ಬ್ಯಾಗು ಸರಿ ಮಾಡುವಾಗ ಕಂಡಿತು. ಕೂಡಲೇ ನಿಮ್ಮ ಸುತ್ತೋಲೆ ನೆನಪಾಯಿತು. ಫೋನಿನಲ್ಲಿ ಇಟ್ಟುಕೊಂಡಿದ್ದೇನೆ ನೋಡಿ.” ತೆಗೆದು ಓದಿದರು. “‘ನಿಯಮ ನಾಲ್ಕು: ತಿನಿಸಿನ ಹೊರತು ಯಾವುದೇ ಮುಚ್ಚಿದ ಲಕೋಟೆಯನ್ನು, ಅದು ಎಷ್ಟೇ ಆತ್ಮೀಯರದ್ದಾಗಿದ್ದರೂ, ಪ್ರಯಾಣಿಕರು ದೃಢವಾಗಿ ನಿರಾಕರಿಸತಕ್ಕದ್ದು.’ ದೃಢವಾಗಿ ನಿರಾಕರಿಸಿದೆ! ನನ್ನನ್ನು ಬಿಡಲಿಕ್ಕೆ ಬಂದ ತಮ್ಮನ ಕೈಯಲ್ಲಿ ಟೀಚರಿಗೇ ವಾಪಸ್ ಕಳಿಸಿದೆ. ಎಷ್ಟು ಚಂದ ಬರೆದಿದ್ದೀರಿ ಅಣ್ಣ. ನಿಮ್ಮ ಸುತ್ತೋಲೆಯನ್ನು ಪೂರ್ತಿ ಓದಿದ್ದು ಬಹುಶಃ ನಾನೊಬ್ಬಳೇ.”

ಹದಿನೆಂಟು ವರ್ಷಗಳಲ್ಲಿ ನನ್ನ ಒಂದು ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದ ಮೊದಲ ವ್ಯಕ್ತಿ ಅವರು. ಅಭಿನಂದಿಸದೆ ಬೇರೆ ದಾರಿಯಿರಲಿಲ್ಲ. ಹಲ್ವ ಬಹಳ ಚೆನ್ನಾಗಿತ್ತು.

ಬೀಳ್ಕೊಡುಗೆಯ ಶುಕ್ರವಾರ ಬಂತು. ಫೆಲಿಕ್ಸರ ಪೆಟ್ಟಿಗೆಗಳು ಹಗ್ಗ ಬಿಗಿಸಿಕೊಂಡು, ದಪ್ಪಕ್ಷರದಲ್ಲಿ ಹೆಸರು ಬರೆಸಿಕೊಂಡು ಗೋಡೆಗೆ ಒರಗಿದ್ದವು. ಆಲ್ಬಮ್ಮು ಮಾತ್ರ ಕೈಚೀಲದಲ್ಲಿತ್ತು. ಊಟ ಮುಗಿಯುವವರೆಗೂ ಯಾರೂ ಕೇಳಲಿಲ್ಲ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಫೆಲಿಕ್ಸರೂ ಒಮ್ಮೆ ನೋಡಿ ಬೇರೆ ಕಡೆ ತಿರುಗಿದರು. ಆ ಒಂದು ನೋಟ ನನ್ನನ್ನು ಚುಚ್ಚಿತು. ಆ ಮನುಷ್ಯ ನಿಜವಾಗಿಯೂ ನಂಬಿ ಕಾದಿದ್ದರು.

ಎದ್ದುನಿಂತೆ. ಎರಡು ತಿಂಗಳ ಬಳಿಕ ಮೊದಲ ಸಲ ಭಾಷಣವಿಲ್ಲದೆ ನಡೆದದ್ದನ್ನು ನಡೆದಂತೆ ಹೇಳಿದೆ. ದಲ್ಲಾಳಿ, ಬೇಸ್‌ಬಾಲ್, ಟೀಚರು, ಮೀನಿನ ಕಟ್ಟೆ, ಹಲ್ವ. ಅಂಪೈರನು ವಿಮಾನ ನಿಲ್ದಾಣದವರೆಗೆ ಬಂದು ಹಿಂತಿರುಗಿದನೆಂದೂ, ಅವನನ್ನು ಹಿಂದಕ್ಕೆ ಕಳುಹಿಸಿದ್ದು ನನ್ನದೇ ವಾಕ್ಯವೆಂದೂ ಒಪ್ಪಿಕೊಂಡೆ. ಕ್ಷಮೆ ಕೇಳಿದೆ.

ಇರಾ ಕೈ ಎತ್ತಿದಳು.

“ಅಪ್ಪಾ, ವೇರ್ ಈಸ್ ದ ಕಾರ್ಡ್ ನೌ?”

“ಕಿನ್ನಿಗೋಳಿಯಲ್ಲಿ ಮಗಾ. ಟೀಚರ ಮನೆಯಲ್ಲಿ.”

“ಅಂಡ್ ವೇರ್ ಈಸ್ ಫೆಲಿಕ್ಸ್ ಅಂಕಲ್ ಗೋಯಿಂಗ್ ಟುಮಾರೊ?”

ನಾನು ಬಾಯಿ ತೆರೆದೆ. ಪಕ್ಷಿಕೆರೆ ಎಂಬ ಉತ್ತರ ನಾಲಗೆಯ ತುದಿಗೆ ಬಂದು ಅಲ್ಲೇ ಹೆಪ್ಪುಗಟ್ಟಿತು. ಪಕ್ಷಿಕೆರೆಯಿಂದ ಕಿನ್ನಿಗೋಳಿಗೆ ಬಸ್ಸಿನಲ್ಲಿ ಹತ್ತು ನಿಮಿಷ!

ಅಂದರೆ, ಫೆಲಿಕ್ಸರ ಮನೆಯಿಂದ ಹತ್ತು ನಿಮಿಷದ ದೂರದಲ್ಲಿದ್ದ ಕಾರ್ಡನ್ನು ಸಮುದ್ರ ದಾಟಿಸಿ ಕುವೈತಿಗೆ ತಂದು, ಅವರ ಕೈಗಿತ್ತು, ಅದೇ ಸಮುದ್ರ ದಾಟಿಸಿ ಅಲ್ಲಿಗೇ ಒಯ್ಯಿಸಲು ನಾನು ಎರಡು ತಿಂಗಳು ಹೋರಾಡಿದ್ದೆ. ಮೂರ್ಖತನ ನಿಜ, ಆದರೆ ಅದು ನಮ್ಮಲ್ಲಿ ಮಾತ್ರ ಬೆಳೆಯುವ ಮೂರ್ಖತನ. ಇಲ್ಲಿಂದ ಊರಿಗೆ ಹೋಗುವವನ ಕೈ ತುಂಬಿರಬೇಕೆಂದು ನಾವು ಎಷ್ಟು ಗಟ್ಟಿಯಾಗಿ ನಂಬಿದ್ದೇವೆಂದರೆ, ಊರಿನಲ್ಲಿಯೇ ಸಿಗುವ ವಸ್ತುವನ್ನೂ ಇಲ್ಲಿ ಪೆಟ್ಟಿಗೆಗೆ ತುಂಬಿ ಹಗ್ಗ ಕಟ್ಟಿ ಒಯ್ಯುತ್ತೇವೆ. ಅಲ್ಲಿ ಅವನಿಗಾಗಿ ಏನಾದರೂ ಕಾದಿರಬಹುದೆಂದು ನಮಗೆ ಹೊಳೆಯುವುದೇ ಇಲ್ಲ.

“ನಿನಗಾದರೂ ಹೊಳೆಯಲಿಲ್ಲವೇ?” ಎಂದು ಶಶಿಕಲಾಳನ್ನು ಕೇಳಿದೆ.

“ಮೊದಲನೇ ದಿವಸವೇ ಹೊಳೆಯಿತು. ನಿಮ್ಮದು ಏನೋ ಸಿದ್ಧಾಂತ ಇರಬೇಕು ಅಂತ ಸುಮ್ಮನಾದೆ.”

ಮೊದಲು ನಕ್ಕವರು ಫೆಲಿಕ್ಸ್. “ಸಾಯ್ಬಾ!” ಎಂದು ದೇವರನ್ನು ಕರೆದು, ಹಣೆಗೆ ಕೈಯಿಟ್ಟು ಕಣ್ಣಿನಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕರವಸ್ತ್ರದಿಂದ ಮುಖ ಒರೆಸಿಕೊಂಡು, “ಟೀಚರ ಮನೆ ಎಲ್ಲಿ ಬರ್ತದೆ ಸರಿಯಾಗಿ?” ಎಂದು ಶಶಿಕಲಾಳನ್ನು ಕೇಳಿದರು. ಅವಳು ಕಾಗದದ ತಟ್ಟೆಯ ಹಿಂಭಾಗದಲ್ಲಿ ದಾರಿ ಬರೆದುಕೊಟ್ಟಳು. ಅವರು ಅದನ್ನು ಮಡಚಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡರು.

ಹತ್ತು ದಿನಗಳ ಬಳಿಕ ಫೋಟೊ ಬಂತು. ನಲವತ್ತೆಂಟೂ ಇದ್ದವು. ಅಂಪೈರನು ಒಂದು ಬೆರಳೆತ್ತಿ ನನ್ನನ್ನೇ ಔಟು ಎನ್ನುತ್ತಿದ್ದ. ಸೆಟ್ಟು ಪೂರ್ಣಗೊಂಡ ಒಟ್ಟು ವೆಚ್ಚ ಎರಡು ಬಸ್ ಟಿಕೆಟ್ಟು. ನನ್ನ ಕಡೆಯಿಂದ ಆದ ವೆಚ್ಚ ಪ್ರತ್ಯೇಕ.

ಫೋಟೊದ ಹಿಂದೆಯೇ ಫೆಲಿಕ್ಸರ ಕರೆಯೂ ಬಂತು.

“ಮಾರಾಯ್ರೆ, ಟೀಚರಿಗೆ ನೀವು ಎಂತ ಹೇಳಿದ್ದು? ಅವರು ಡಬ್ಬಿ ಪೂರ್ತಿ ಖಾಲಿ ಮಾಡಬೇಕು ಅಂತ ಕೂತಿದ್ದಾರೆ. ಮಕ್ಕಳ ಸೊತ್ತು ಮಕ್ಕಳಿಗೇ ಸೇರಬೇಕಂತೆ. ಅವರಿಗೆ ಮೊಣಕಾಲು ನೋವು, ತಿರುಗಲಿಕ್ಕೆ ಆಗುವುದಿಲ್ಲ. ಹಾಗಾಗಿ ನನ್ನನ್ನು ಹಿಡಿದಿದ್ದಾರೆ. ದಿನಾ ಬೆಳಿಗ್ಗೆ ಹೋಗುವುದು, ಚಹಾ ಕುಡಿಯುವುದು, ನಾಲ್ಕು ಹೆಸರು ತೆಗೆದುಕೊಂಡು ಬಸ್ಸು ಹತ್ತುವುದು. ನಿನ್ನೆ ಒಬ್ಬ ಬ್ಯಾಂಕ್ ಮ್ಯಾನೇಜರ್ ಕಾರ್ಡು ನೋಡಿ ಕೌಂಟರಿನಲ್ಲೇ ಕುಣಿದ! ಜೂಲಿ ಕೇಳ್ತಾಳೆ, ಊಟಕ್ಕಾದರೂ ಮನೆಗೆ ಬರ್ತೀರಾ ಅಂತ.”

“ಯಾವಾಗ ವಾಪಸ್ ಅಂತ ಯಾರೂ ಕೇಳುವುದಿಲ್ಲವಾ?”

“ಕೇಳ್ತಾರೆ. ಡಬ್ಬಿ ಮುಗಿಯದೆ ಎಲ್ಲಿಗೂ ಇಲ್ಲ ಅಂತೇನೆ.” ಆಮೇಲೆ, “ನೀವು ಕಾರ್ಡು ತಂದುಕೊಟ್ಟಿದ್ದರೆ ಇಷ್ಟೊತ್ತಿಗೆ ನಾನು ಟಿವಿ ಮುಂದೆ ಕೂತಿರುತ್ತಿದ್ದೆ. ದೇವರು ದೊಡ್ಡವ. ನಿಮಗೆ ಆ ಬುದ್ಧಿ ಕೊಡಲಿಲ್ಲ,” ಎಂದರು.

ನಾನು ಜೀವನದಲ್ಲಿ ಗಳಿಸಿದ ಅತ್ಯಂತ ಪ್ರಾಮಾಣಿಕ ಪ್ರಶಂಸೆ ಅದು.

ಈ ನಡುವೆ ಎಗೈಲಾಕ್ಕೂ ಹೋಗಿಬಂದೆ. ಟೀ ಬ್ರೇಕಿನ ಬಗ್ಗೆ ಹೊಸ ಪತ್ರ ಬರೆಯುತ್ತೇನೆಂದು ಇಬ್ರಾಹಿಮರಿಗೆ ಮಾತು ಕೊಟ್ಟೆ. “ಬರೆಯಿರಿ ಅಣ್ಣ, ಆದರೆ ಕಳಿಸುವ ಮೊದಲು ನಮಗೊಮ್ಮೆ ತೋರಿಸಿ,” ಎಂದರು. ತೋರಿಸಿದೆ. ಮೂರು ಪುಟಗಳಲ್ಲಿ ಅವರೆಲ್ಲ ಸೇರಿ ಎರಡು ಸಾಲು ಉಳಿಸಿದರು. ಚಹಾ ವಾಪಸ್ ಬಂತು.

ಅನಂತರ ಇಬ್ರಾಹಿಂ ರಜೆಗೆ ಹೋಗಿ ಬಂದರು. ಬಂದ ಮರುದಿನವೇ ನಮ್ಮ ಮನೆಯ ಗಂಟೆ ಬಾರಿಸಿದರು. ಕೈಯಲ್ಲಿ ಹಲ್ವದ ಪೊಟ್ಟಣ. ಪೊಟ್ಟಣದ ಮೇಲೆ, ಎಲ್ಲರಿಗೂ ಕಾಣುವಂತೆ, ಅಂಟು ಹಾಕಿ ಮುಚ್ಚಿದ ಲಕೋಟೆ.

“ಟೀಚರು ಕಳಿಸಿದ್ದು. ನಿಮಗಲ್ಲ ಅಣ್ಣ, ಅಕ್ಕನಿಗೆ.”

ಶಶಿಕಲಾ ಲಕೋಟೆ ಹರಿದಳು. ಒಳಗೆ ಒಂದು ಕಾರ್ಡು. ಓಡಿಬರುತ್ತಿರುವ ವೇಗದ ಬೌಲರ್. ಹಿಂದುಗಡೆ ಕೆಂಪು ಶಾಯಿಯಲ್ಲಿ: ಆರನೇ ಎ, ಶಶಿಕಲಾ.

ಕಾರ್ಡನ್ನು ಇಸಿದುಕೊಂಡು ಆ ಹೆಸರನ್ನು ಮತ್ತೊಮ್ಮೆ ಓದಿದೆ.

“ನೀನು ಕಾರ್ಡು ಕೂಡಿಸುತ್ತಿದ್ದೆಯಾ?”

“ನಲವತ್ತಿತ್ತು. ನಮ್ಮ ಕ್ಲಾಸಿನಲ್ಲಿ ನನ್ನದೇ ಹೆಚ್ಚು.”

“ಹೇಳಲೇ ಇಲ್ಲ!”

“ನೀವು ಕೇಳಲೇ ಇಲ್ಲ.”

ಈ ಹವ್ಯಾಸದಿಂದ ಹೆಣ್ಣುಮಕ್ಕಳನ್ನು ಹೊರಗಿಟ್ಟದ್ದನ್ನು ತಣ್ಣಗಾಗುತ್ತಿದ್ದ ಸಾರಿನ ಸಾಕ್ಷಿಯಾಗಿ ಖಂಡಿಸಿದ ಆ ದಿನ, ನನ್ನ ಪಕ್ಕದಲ್ಲೇ ಕುಳಿತು ಅವಳು ಉಣ್ಣುತ್ತಿದ್ದಳು.

ಕಾರ್ಡನ್ನು ಅವಳು ತನ್ನ ಚಿಕಿತ್ಸಾಲಯದ ಗುರುತುಚೀಟಿಯ ಹಿಂದೆ ಸೇರಿಸಿ, ಕುತ್ತಿಗೆಗೆ ನೇತುಹಾಕಿಕೊಂಡು ಕೆಲಸಕ್ಕೆ ಹೊರಟಳು. ಆ ಬೌಲರನು ಬಾಗಿಲವರೆಗೂ ಓಡುತ್ತಲೇ ಇದ್ದ.

ಮುಚ್ಚಿದ ಲಕೋಟೆ, ಪ್ರಯಾಣಿಕರ ಕೈಯಲ್ಲಿ, ನಿಯಮ ನಾಲ್ಕರ ಸ್ಪಷ್ಟ ಉಲ್ಲಂಘನೆ. ಕಾರ್ಯದರ್ಶಿಯಾಗಿ ಇದನ್ನು ದಾಖಲಿಸುವುದು ನನ್ನ ಕರ್ತವ್ಯವಾಗಿತ್ತು. ಜೇಬಿನಿಂದ ಪೆನ್ನು ತೆಗೆದೆ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಶಶಿಕಲಾ ತಿರುಗಿ ನೋಡಿದಳು.

ಪೆನ್ನನ್ನು ಒಳಗಿಟ್ಟು, ಇಬ್ರಾಹಿಮರಿಗೆ ಚಹಾ ಮಾಡಲು ಅಡುಗೆಮನೆಗೆ ಹೋದೆ. ಸಕ್ಕರೆ ಎಷ್ಟು ಎಂದು ಮೊದಲು ಕೇಳಿಕೊಂಡೆ.